ನೀಲಿ ಕ್ಯಾನಿನ ಮೇಲಿದ್ದ ಮೂರು ಸಾಲು

ಆ ಕ್ಯಾನಿನ ಮೇಲೆ ಬರೆದಿದ್ದನ್ನು ನಾನು ಓದಿದ್ದೆ. ಇಂಗ್ಲಿಷಿನಲ್ಲಿ ಮೂರೇ ಸಾಲು. ಓದಿ ಸುಮ್ಮನಿದ್ದೆ. ನಾನು ಬಿ.ಎ. ಓದಿದವಳು ಎಂದು ಆ ಫ್ಯಾಕ್ಟರಿಯಲ್ಲಿ ಯಾರಿಗೂ ಗೊತ್ತಾಗಬಾರದಿತ್ತು, ಅದಕ್ಕೆ. ಅರ್ಧ ಗಂಟೆಯ ಮೇಲೆ ಆ ಕ್ಯಾನನ್ನು ತೊಟ್ಟಿಗೆ ಸುರಿದ, ನನ್ನ ಜೊತೆ ಕೆಲಸಕ್ಕಿದ್ದ ಅಕ್ಕ ಇವತ್ತಿಗೂ ಹತ್ತು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಓದಿದ್ದೆ ಎನ್ನುವ ಮಾತನ್ನು ಅವರಿಗೆ ಹೇಳಲು ನನಗೆ ಏಳು ತಿಂಗಳು ಹಿಡಿಯಿತು. ಅದೂ ನಾನಾಗಿ ಹೋಗಿ ಹೇಳಿದ್ದಲ್ಲ. ಅವರ ಮಗಳು ಪಿಯುಸಿ ಮುಗಿಸಿ ಬಿ.ಎ.ಗೆ ಸೇರುತ್ತೇನೆಂದು ಹಟ ಹಿಡಿದಿದ್ದಳು. ಅದರ ಬಗ್ಗೆ ಕೇಳಲು ಅವರು ನನ್ನನ್ನೇ ಕರೆಸಿದರು.

ನಾನು ಓದಿದ್ದು ನಗರದ ಒಂದು ಸರ್ಕಾರಿ ಕಾಲೇಜಿನಲ್ಲಿ. ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಇಂಗ್ಲಿಷ್. ಸೇರಿದ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ, ಬಿ.ಎ. ಮಾಡಿ ಏನ್ ಮಾಡ್ತೀಯ? ಕೆ.ಎ.ಎಸ್. ಬರೀತೀನಿ ಅನ್ನುತ್ತಿದ್ದೆ. ನಮ್ಮ ತರಗತಿಯಲ್ಲಿ ಕೂತಿದ್ದವರೆಲ್ಲ ಅದನ್ನೇ ಅನ್ನುತ್ತಿದ್ದರು. ಯಾರಾದರೂ ಕೇಳಿದಾಗ ಕೊಡಲು ನಮ್ಮ ಹತ್ತಿರ ಇದ್ದ ಉತ್ತರ ಅದೊಂದೇ. ಓದು ಮಾತ್ರ ನನಗೆ ನಿಜವಾಗಿ ಇಷ್ಟವಾಗಿತ್ತು. ಒಂದು ಊರಿನ ಜನ ಯಾಕೆ ಹೀಗೆ ಬದುಕುತ್ತಾರೆ, ಯಾರು ಯಾರಿಗೆ ಯಾಕೆ ತಲೆ ಬಾಗುತ್ತಾರೆ ಎಂದು ಮೇಷ್ಟ್ರು ಹೇಳುವಾಗ ನಮ್ಮ ಮನೆಯ ಕಥೆಯನ್ನೇ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಡಿಗ್ರಿ ಕೈಗೆ ಬಂದ ಮೇಲೆ ಅದನ್ನು ಹಿಡಿದು ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎರಡು ವರ್ಷ ಎಸ್‌ಡಿಎ, ಎಫ್‌ಡಿಎ ಪರೀಕ್ಷೆಗಳಿಗೆ ಓದಿದೆ. ಒಂದು ಕಾಲ್ ಸೆಂಟರಿಗೆ ಹೋದೆ. ಇಂಗ್ಲಿಷಿನಲ್ಲಿ ನಿಮ್ಮ ಬಗ್ಗೆ ಹೇಳಿ ಅಂದರು. ಪುಸ್ತಕ ಕೊಟ್ಟಿದ್ದರೆ ಕೊನೆವರೆಗೂ ಓದಿಬಿಡುತ್ತಿದ್ದೆ. ಬಾಯಿ ತೆರೆದು ಹೆಸರು, ಊರು ಹೇಳುವಷ್ಟರಲ್ಲಿ ಮಾತು ನಿಂತಿತು. ಎದುರಿಗಿದ್ದ ಹುಡುಗಿ, ನನಗಿಂತ ಚಿಕ್ಕವಳು, ಪಾಪ, ನೀರು ಕೊಟ್ಟಳು.

ಅದಾದ ಮೇಲೆ ನಗರದಾಚೆ, ಕಡಕೊಳದ ಕೈಗಾರಿಕಾ ಪ್ರದೇಶ. ಒಂದು ಸಣ್ಣ ಶೆಡ್ಡು. ನೆಲ ಒರೆಸುವ, ಕಕ್ಕಸು ತೊಳೆಯುವ ದ್ರಾವಣಗಳನ್ನು ಬಾಟಲಿಗೆ ತುಂಬುವ ಜಾಗ. ಗೇಟಿನ ಮೇಲೆ ಬೋರ್ಡು ನೇತು ಹಾಕಿದ್ದರು, ಎಸ್ಸೆಸ್ಸೆಲ್ಸಿ ಪಾಸ್ ಅಥವಾ ಫೇಲ್ ಆದ ಮಹಿಳೆಯರು ಬೇಕಾಗಿದ್ದಾರೆ ಎಂದು. ಒಳಗೆ ಕೂತಿದ್ದ ಕಂಟ್ರಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಡಿಗ್ರಿ ಗಿಗ್ರಿ ಏನಾದ್ರೂ ಇದ್ರೆ ಈಗ್ಲೇ ಹೇಳ್ಬುಡಮ್ಮ. ಡಿಗ್ರಿಯೋರು ನಮಗೆ ಬೇಡ. ಮೂರು ತಿಂಗಳು ಇರಲ್ಲ, ಇದ್ದಷ್ಟು ದಿನಾನೂ ಕಾನೂನು ಮಾತಾಡ್ತಾರೆ,” ಅಂದರು.

“ಇಲ್ಲ ಸಾರ್. ಎಸ್ಸೆಸ್ಸೆಲ್ಸಿ,” ಅಂದೆ.

ಹತ್ತನೇ ತರಗತಿಯ ಅಂಕಪಟ್ಟಿ ಮಾತ್ರ ತೋರಿಸಿದೆ. ಅವತ್ತು ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಸಂಕಟವಾಗಲಿಲ್ಲ, ಹಗುರವಾಯಿತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮನೆಯಲ್ಲಿ ಇನ್ನೊಂದು ಸುಳ್ಳು. ಒಂಟಿಕೊಪ್ಪಲಿನಲ್ಲಿ ಒಂದು ದೊಡ್ಡ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ನಾವು ಇರುವುದು. ಅಮ್ಮ ಆ ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಮನೆಯೊಡತಿ ಕೇಳಿದಾಗಲೆಲ್ಲ, “ಕಂಪನೀಲಿ ಆಫೀಸ್ ಕೆಲಸ ಕಣ್ರಮ್ಮ,” ಅನ್ನುತ್ತಿದ್ದಳು. ನಾನೂ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಮುಂದಿನ ಗೇಟಿನಿಂದಲೇ ಹೊರಡುತ್ತಿದ್ದೆ. ಫ್ಯಾಕ್ಟರಿಯ ನೀಲಿ ಕೋಟು ಬ್ಯಾಗಿನ ತಳದಲ್ಲಿ ಮಡಚಿ ಇರುತ್ತಿತ್ತು. ಬೆಳಿಗ್ಗೆ ಓದಿದವಳಾಗಿ ಹೊರಟು, ಕಡಕೊಳದಲ್ಲಿ ಇಳಿಯುವಷ್ಟರಲ್ಲಿ ಓದದವಳಾಗಬೇಕಿತ್ತು.

ಅಕ್ಕ ಮಂಡಕಳ್ಳಿಯವರು. ಬಸ್ಸಿಗೆ ಅಲ್ಲಿ ಹತ್ತುತ್ತಿದ್ದರು. ನಾನು ಸೀಟು ಹಿಡಿದಿರುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದರು. ಕನ್ನಡ ಕೂಡಿಸಿ ಕೂಡಿಸಿ ಓದುತ್ತಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬೋಂಡ ಕಟ್ಟಿ ತಂದ ಪೇಪರಿನ ಚೂರನ್ನು, ಕನ್ನಡವಿರಲಿ ಇಂಗ್ಲಿಷಿರಲಿ, ನಾನು ಬಿಡಿಸಿ ಓದುವುದನ್ನು ಅವರು ಎಷ್ಟೋ ಸಲ ನೋಡಿದ್ದರು.

“ಏನವ್ವಾ, ಎಣ್ಣೆ ಪೇಪರ್‌ನೂ ಬುಡಲ್ಲ ನೀನು. ಎಸ್ಸೆಸ್ಸೆಲ್ಸಿ ಫೇಲಾದೋರು ಇಂಗೆ ಓದ್ತಾರಾ?”

“ಪಾಸ್ ಆಗಿದ್ದೀನಿ ಅಕ್ಕ.”

“ಓಹೋ, ಪಾಸೋ! ಅಂಗಾರೆ ಸರಿ ಬುಡು.” ನಕ್ಕು ಅನ್ನ ಕಲೆಸುತ್ತಿದ್ದರು.

ನಾನು ಸೇರಿ ಎಂಟನೆಯ ತಿಂಗಳಲ್ಲಿ ನಮ್ಮ ಜೊತೆಯ ಒಬ್ಬ ಹುಡುಗಿ ತನ್ನ ಘಟಿಕೋತ್ಸವದ ಫೋಟೋವನ್ನು ಫೋನಿನ ಸ್ಟೇಟಸ್ಸಿಗೆ ಹಾಕಿಕೊಂಡಳು. ಕಪ್ಪು ಗೌನು, ಕೈಯಲ್ಲಿ ಸುರುಳಿ. ಮಾರನೆಯ ದಿನ ಕಂಟ್ರಾಕ್ಟರು ಅವಳನ್ನು ಗೇಟಿನಲ್ಲೇ ನಿಲ್ಲಿಸಿ ಕಳಿಸಿಬಿಟ್ಟರು. “ಸುಳ್ಳು ಹೇಳಿ ಸೇರ್ಕೊಂಡಿದ್ಯಲ್ಲಮ್ಮ” ಎಂದು ಗಟ್ಟಿಯಾಗಿ, ನಮಗೆಲ್ಲ ಕೇಳುವಂತೆ ಅಂದರು. ಅವಳು ಬ್ಯಾಗು ಎದೆಗೆ ಅವುಚಿಕೊಂಡು ರಸ್ತೆ ದಾಟುವುದನ್ನು ನೋಡಿದೆ. ಊಟದ ಹೊತ್ತಿನಲ್ಲಿ ನನ್ನ ಫೋನಿನಲ್ಲಿದ್ದ ಅಂಥದೇ ಫೋಟೋ ಅಳಿಸಿದೆ.

ಅದಾದ ಒಂದು ವಾರಕ್ಕೆ ಆ ಕ್ಯಾನು ಬಂತು.

ನಮ್ಮ ಶೆಡ್ಡಿನಲ್ಲಿ ಕೆಲಸ ನಡೆಯುತ್ತಿದ್ದುದು ಬಣ್ಣದ ಮೇಲೆ. ಯಾವುದಕ್ಕೂ ಹೆಸರಿರಲಿಲ್ಲ. ಶನಿವಾರ ದೊಡ್ಡ ತೊಟ್ಟಿ ತೊಳೆಯಬೇಕಾದರೆ ಮೊದಲು ಬಿಳಿ ಕ್ಯಾನಿನ ಬ್ಲೀಚಿಂಗ್ ನೀರು, ಆಮೇಲೆ ನೀಲಿ ಕ್ಯಾನಿನ ಸೋಪಿನ ನೀರು. ಹೊಸಬರು ಬಂದರೆ ಅಕ್ಕನೇ ಹೇಳಿಕೊಡುತ್ತಿದ್ದರು, “ಮೊದ್ಲು ಹಾಲು, ಆಮೇಕೆ ಆಕಾಸ” ಎಂದು. ಆರು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿರಲಿಲ್ಲ.

ಆ ಶನಿವಾರ ಮಾಲು ಕಳಿಸುವವರು ಬದಲಾಗಿದ್ದರು. ಟೆಂಪೋದಿಂದ ಕ್ಯಾನುಗಳನ್ನು ಇಳಿಸಿಕೊಂಡವರು ನಾನು ಮತ್ತು ಅಕ್ಕ. ಎಲ್ಲವೂ ನೀಲಿ. ಒಂದೊಂದು ಹಿಡಿಗೆ ಒಬ್ಬೊಬ್ಬರು ಕೈ ಕೊಟ್ಟು ಎತ್ತುವಾಗ ಲೇಬಲ್ಲು ನನ್ನ ಕಡೆಗಿತ್ತು. ಓದಬೇಕೆಂದು ಓದಲಿಲ್ಲ, ಕಣ್ಣು ತಾನೇ ಓದಿತು. ಇದು ಆ್ಯಸಿಡ್. ಬ್ಲೀಚಿನ ಜೊತೆ ಬೆರೆಸಬೇಡಿ. ವಿಷಾನಿಲ ಬರುತ್ತದೆ.

ಸೂಪರ್‌ವೈಸರ್ ಎರಡು ಮಾರು ದೂರದಲ್ಲಿ ಫೋನ್ ನೋಡುತ್ತ ನಿಂತಿದ್ದರು. ಸಾರ್, ಇದು ಬೇರೆ ಅಂತ ಬರೆದಿದೆ. ಇಷ್ಟು ಅಂದಿದ್ದರೆ ಸಾಕಿತ್ತು. ಅಂದರೆ ಅವರು ಕೇಳುತ್ತಿದ್ದರು, ನಿಂಗೆ ಹೇಗಮ್ಮ ಗೊತ್ತು ಎಂದು. ರಸ್ತೆ ದಾಟುತ್ತಿದ್ದ ಆ ಹುಡುಗಿಯ ಬೆನ್ನು ನನ್ನ ಕಣ್ಣ ಮುಂದೆ ಬಂತು. ಅವರು ನೋಡಿಕೊಳ್ಳುತ್ತಾರೆ, ತರಿಸಿದವರಿಗೆ ಗೊತ್ತಿರುತ್ತದೆ, ನಾನೇನು ಕೆಮಿಸ್ಟ್ರಿ ಓದಿದವಳೇ, ನನ್ನದು ಇತಿಹಾಸ. ಹೀಗೆಲ್ಲ ಅಂದುಕೊಂಡೆ. ಇಷ್ಟನ್ನೂ ಕ್ಯಾನು ಎತ್ತಿ ನೆಲಕ್ಕಿಡುವಷ್ಟರಲ್ಲಿ ಅಂದುಕೊಂಡೆ.

ಅರ್ಧ ಗಂಟೆ ಸಮಯವಿತ್ತು. ಈಗ ನಾನು ತಿರುಗಿ ತಿರುಗಿ ಹೋಗುವುದು ಆ ಅರ್ಧ ಗಂಟೆಗೆ. ಶೆಡ್ಡಿನಲ್ಲಿ ಉಳಿದಿದ್ದ ಬಿಳಿ ಕ್ಯಾನಿನ ನೀರು ಮೊದಲು ತೊಟ್ಟಿಗೆ ಬಿತ್ತು. ನಾನು ಬಾಗಿಲ ಹತ್ತಿರ ಖಾಲಿ ಬಾಟಲಿ ಜೋಡಿಸುತ್ತಿದ್ದೆ. ಅಕ್ಕ ನೀಲಿ ಕ್ಯಾನಿನ ಮುಚ್ಚಳ ತೆಗೆದು, ವಾಸನೆಗೆ ಮುಖ ಕಿವುಚಿ, ತೊಟ್ಟಿಯ ಅಂಚಿಗೆ ಒರಗಿಸಿಕೊಂಡರು. ಸುರಿಯುವ ಮೊದಲು ಒಂದು ಸಲ ತಿರುಗಿ ನನ್ನ ಮುಖ ನೋಡಿದರು. ನಾನು ಬಾಟಲಿಗಳ ಕಡೆ ನೋಡಿದೆ.

ಮೊದಲು ಕೇಳಿಸಿದ್ದು ಬುರುಬುರು ಸದ್ದು. ಆಮೇಲೆ ಹಳದಿ ಹಸಿರು ಹೊಗೆ ತೊಟ್ಟಿಯಿಂದ ಎದ್ದು ನೆಲಕ್ಕೆ ಇಳಿದು ಹರಿಯಿತು. ಅಕ್ಕ ಕೆಮ್ಮಲು ಶುರುಮಾಡಿ, ಬಾಗಿ, ಬಾಗಿದವರು ಏಳಲಿಲ್ಲ. ಎಲ್ಲರೂ ಚೀರುತ್ತ ಹೊರಗೆ ಓಡಿದರು. ಎಲ್ಲರಿಗಿಂತ ಮೊದಲು ಹೊರಗೆ ಬಂದವಳು ನಾನು. ಏನಾಗುತ್ತದೆಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ ಅಲ್ಲವೇ. “ಬುಡ್ರೀ, ದಾರಿ ಬುಡ್ರೀ” ಎಂದು ಕೂಗುತ್ತ, ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿ ಅವರನ್ನು ಎಳೆದು ತಂದವರು ಬಿಲ್ಲಿಗೆ ಕಾಯುತ್ತಿದ್ದ ಟೆಂಪೋ ಡ್ರೈವರು. ಅಕ್ಕನ ತುಟಿ ನೀಲಿಯಾಗಿತ್ತು. ಚಪ್ಪಲಿ ಒಂದೇ ಇತ್ತು.

ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ಬದುಕಿದರು.

ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ನಮ್ಮನ್ನು ಸಾಲಾಗಿ ನಿಲ್ಲಿಸಿ ಕೇಳಿದರು, “ಲೇಬಲ್ ಓದೋಕೆ ಬರೋರು ನಿಮ್ಮಲ್ಲಿ ಯಾರೂ ಇರಲಿಲ್ವಾ?” ಮಾಲೀಕರು ನಮ್ಮ ಪರವಾಗಿಯೇ ಉತ್ತರ ಕೊಟ್ಟರು. “ಪಾಪ, ಇವರಿಗೆಲ್ಲ ಇಂಗ್ಲಿಷ್ ಎಲ್ಲಿ ಬರುತ್ತೆ ಸಾರ್?” ನಾನು ತಲೆ ತಗ್ಗಿಸಿದೆ. ಹೇಳಿಕೆಯ ಕೆಳಗೆ ಸಹಿ ಮಾಡುವಾಗ ಬೇಕೆಂತಲೇ ಅಕ್ಷರ ಸೊಟ್ಟ ಮಾಡಿದೆ. ಮೊದಲ ಸಲ ಹೆದರಿ ಸುಮ್ಮನಿದ್ದೆ ಅನ್ನಬಹುದು. ಈ ಎರಡನೆಯ ಸಲಕ್ಕೆ ಏನು ಹೆಸರಿಡಬೇಕೋ ಗೊತ್ತಿಲ್ಲ.

ಆಮೇಲೆ ಶೆಡ್ಡಿನಲ್ಲಿ ಕ್ಯಾನುಗಳ ಮೇಲೆ ಕನ್ನಡದ ಚೀಟಿ ಬಂತು. ಅಕ್ಕ ಕೆಲಸಕ್ಕೆ ಮರಳಲಿಲ್ಲ, ಮರಳಲು ಆಗುತ್ತಿರಲಿಲ್ಲ. ನಾನು ತಿಂಗಳಿಗೆ ಒಂದೆರಡು ಸಲ ಮಂಡಕಳ್ಳಿಯಲ್ಲಿ ಇಳಿದು ಹಣ್ಣು ಕೊಟ್ಟು, ಕಾಫಿ ಕುಡಿದು ಬರುತ್ತಿದ್ದೆ. ಹೇಳಬೇಕೆಂದೇ ಹೋಗುತ್ತಿದ್ದೆ. ಅವರು ಬಿಸ್ಕತ್ತು ಮುಂದಿಡುತ್ತಿದ್ದರು.

ಅವಘಡವಾಗಿ ಏಳನೆಯ ತಿಂಗಳಿನ ಒಂದು ಭಾನುವಾರ ಮಗಳ ಕೈಲಿ ಫೋನ್ ಮಾಡಿಸಿ ಕರೆಸಿದರು. ಹೋದಾಗ ಮಗಳು ಕಾಲೇಜಿನ ಅರ್ಜಿ ಹಿಡಿದುಕೊಂಡು ಚಾಪೆಯ ಮೇಲೆ ಕೂತಿದ್ದಳು. ಅಕ್ಕನ ಧ್ವನಿ ಇನ್ನೂ ಒಡಕಲು.

“ಇವ್ಳು ಬಿ.ಎ. ಅಂತಾಳೆ. ನರ್ಸಿಂಗ್ ಮಾಡವ್ವ ಅಂದ್ರೆ ಕೇಳಲ್ಲ. ಬಿ.ಎ. ಮಾಡಿದ್ರೆ ಏನ್ ಸಿಕ್ಕುತ್ತೆ, ನೀನೇಳು.”

“ನನ್ನ ಯಾಕೆ ಕೇಳ್ತೀರಿ ಅಕ್ಕ? ನಾನು...”

“ಗೊತ್ತಿರೋದು ಏಳು.”

ಆ ಮುಖ ನೋಡಿಕೊಂಡು ಎಸ್ಸೆಸ್ಸೆಲ್ಸಿ ಅನ್ನುವ ಪದ ಬಾಯಿಂದ ಹೊರಡಲಿಲ್ಲ. ನಾನು ಬಿ.ಎ. ಓದಿದ್ದೀನಿ ಅಂದೆ. ಲೇಬಲ್ ಓದಿದ್ದೆ ಅಂದೆ. ಸೂಪರ್‌ವೈಸರ್ ಇದ್ದರು, ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ ಅಂದೆ. ಮೂರು ವಾಕ್ಯಕ್ಕೆ ಮುಗಿಯಿತು. ಮಗಳು ತಲೆಯೆತ್ತಿ ನೋಡಿದಳು. ಮೇಲೆ ವಿಮಾನವೊಂದು ಊರ ಪಕ್ಕದ ನಿಲ್ದಾಣಕ್ಕೆ ಇಳಿಯುತ್ತಿತ್ತು. ಅದರ ಸದ್ದಿಗೆ ಅಕ್ಕ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

“ನೀನು ಓದಿದೋಳು ಅಂತ ನಂಗೊತ್ತಿತ್ತು ಕಣವ್ವ,” ಅಂದರು ಅಕ್ಕ. “ಎಣ್ಣೆ ಪೇಪರ್ ಓದೋಳು, ಗೊತ್ತಾಗಲ್ವಾ? ಅದ್ಕೇ ಅವತ್ತು ನಿನ್ ಮಕ ನೋಡ್ದೆ. ವಾಸ್ನೆ ಬ್ಯಾರೆ ಇತ್ತು. ಏನಾರ ಇದ್ರೆ ಇವ್ಳು ಏಳ್ತಾಳೆ ಅನ್ಕಂಡೆ. ನೀನು ಏನೂ ಅನ್ನಲಿಲ್ಲ. ಸರಿ ಇರ್ಬೇಕು ಅಂತ ಸುರಿದ್ಬುಟ್ಟೆ.”

ಏಳು ತಿಂಗಳಿಂದ ಆ ನೋಟವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದೆನೋ. ಸುಮ್ಮನೆ ತಿರುಗಿದ್ದರು ಅಂದುಕೊಂಡಿದ್ದೆ. ಅದು ನನಗೆ ಕೇಳಿದ ಪ್ರಶ್ನೆಯಾಗಿತ್ತು. ನನ್ನ ಓದನ್ನು ನಂಬಿ ಜೀವನದಲ್ಲಿ ಒಬ್ಬರೇ ಒಬ್ಬರು ಒಂದು ಕೆಲಸಕ್ಕೆ ಕೈ ಹಾಕಿದ್ದರು.

ಎದ್ದು ಹೋಗೋಣ ಅನ್ನಿಸಿತು. ಅಕ್ಕ ಬಿಡಲಿಲ್ಲ. “ಕೇಳಿದ್ದಕ್ಕೆ ಏಳಲಿಲ್ವಲ್ಲ. ಬಿ.ಎ. ಮಾಡಿದ್ರೆ ಏನ್ ಸಿಕ್ಕುತ್ತೆ?”

ಗೊತ್ತಿದ್ದಷ್ಟು ಹೇಳಿದೆ. ಬಿ.ಎ. ಒಂದನ್ನೇ ಹಿಡಿದು ಹೋದರೆ ಕರೆದು ಕೆಲಸ ಕೊಡುವವರು ಕಡಿಮೆ. ಮೇಷ್ಟ್ರಾಗಬೇಕಾದರೆ ಅದರ ಮೇಲೆ ಬಿ.ಎಡ್. ಬೇಕು. ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಇದೆ, ವರ್ಷಗಟ್ಟಲೆ ಕಾಯಬೇಕು. ಸೇರಿದ ಮೊದಲ ವರ್ಷದಿಂದಲೇ ಕಂಪ್ಯೂಟರ್ ಕಲಿಯಬೇಕು, ಇಂಗ್ಲಿಷನ್ನು ಬಾಯಿಬಿಟ್ಟು ಮಾತಾಡಬೇಕು, ನಾನು ಮಾಡಲಿಲ್ಲ. ಯಾವ ಮೂರು ವಿಷಯ ತಗೊಂಡರೆ ಮುಂದೆ ಯಾವ ದಾರಿ ಎಂದು ಸೇರುವ ಮೊದಲೇ ಕೇಳಬೇಕು, ನಾನು ಕೇಳಲಿಲ್ಲ.

ಮಗಳು ಇದನ್ನೆಲ್ಲ ಅರ್ಜಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಳು. ಬರೆದು ಮುಗಿಸಿ, ನನ್ನ ಕಡೆ ನೋಡದೆ ಕೇಳಿದಳು, “ಆ ಕ್ಯಾನ್ ಮೇಲೆ ಏನ್ ಬರೆದಿತ್ತು? ಪೂರ್ತಿ ಹೇಳಿ.”

ಮೊದಲು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಕನ್ನಡದಲ್ಲಿ. ಇದು ಆ್ಯಸಿಡ್. ಬ್ಲೀಚಿನ ಜೊತೆ ಬೆರೆಸಬೇಡಿ. ವಿಷಾನಿಲ ಬರುತ್ತದೆ. ಮಾತು ಎಲ್ಲೂ ನಿಲ್ಲಲಿಲ್ಲ.

ಅಕ್ಕ ಇನ್ನೂ ಇದೆಯೇನೋ ಎಂಬಂತೆ ನನ್ನ ಬಾಯನ್ನೇ ನೋಡಿದರು. ಆಮೇಲೆ, “ಅಷ್ಟೇನಾ?” ಅಂದರು.

“ಅಷ್ಟೇ ಅಕ್ಕ.”

“ಇಷ್ಟೊಂದು ಮಾತಿರ್ಬೋದು ಅನ್ಕಂಡಿದ್ದೆ,” ಎಂದು ಎರಡೂ ಕೈ ಅಗಲಿಸಿ ತೋರಿಸಿದರು. ಕೆಮ್ಮು ಬಂತು. ಮಗಳು ಎದ್ದು ನೀರು ತಂದು ಬೆನ್ನು ನೀವಿದಳು.

ಫಾರಂ ತುಂಬಲು ನಾನು ಕೈ ಚಾಚಿದೆ. ಅದಕ್ಕೇ ಕರೆಸಿದ್ದಾರೆ ಅಂದುಕೊಂಡಿದ್ದೆ. “ಬೇಡ, ನಾನೇ ಓದ್ಕೋತೀನಿ,” ಅಂದಳು ಮಗಳು. ಅಮ್ಮನ ಪಕ್ಕ ಕೂತು ಮೊದಲ ಸಾಲಿನಿಂದ ಶುರುಮಾಡಿದಳು. ಇಂಗ್ಲಿಷಿನಲ್ಲಿದ್ದ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದಳು, ತಡವರಿಸಿ, ಕೆಲವನ್ನು ತಪ್ಪಾಗಿ, ಆಮೇಲೆ ಅದು ಏನೆಂದು ಕನ್ನಡದಲ್ಲಿ ಅಮ್ಮನಿಗೆ ಹೇಳುತ್ತಿದ್ದಳು. ಕೊನೆಯಲ್ಲಿದ್ದ ಸಣ್ಣ ಅಕ್ಷರಗಳನ್ನೂ ಬಿಡಲಿಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಅಕ್ಕ ಪೆನ್ನು ತಗೊಂಡು ಪೋಷಕರ ಸಹಿ ಅನ್ನುವ ಜಾಗದಲ್ಲಿ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದರು.

ನನ್ನ ಕಾಫಿ ಲೋಟ ನಾನೇ ತೊಳೆದಿಟ್ಟು ಬಸ್ ಸ್ಟಾಪಿಗೆ ನಡೆದೆ. ಮಾರನೆಯ ದಿನ ಸೋಮವಾರ. ಫ್ಯಾಕ್ಟರಿಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎಸ್ಸೆಸ್ಸೆಲ್ಸಿ ಎಂದೇ ಇತ್ತು. ಇವತ್ತೂ ಹಾಗೇ ಇದೆ.