ಬಿಲ್ಲಿಲ್ಲದ ಮೇಜು

ಮೊನ್ನೆ ಬೆಳಿಗ್ಗೆ ಸೋಂಪು ಹುರಿಯುತ್ತಿದ್ದೆ. ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ನನ್ನದೊಂದು ಸಣ್ಣ ಖಾನಾವಳಿ. ಉಂಡವರಿಗೆಲ್ಲ ಒಂದು ಚಿಟಿಕೆ ಸೋಂಪು ಕೊಡುವುದು ರೂಢಿ. ಘಮ ಎದ್ದದ್ದೇ ತಡ, ಹಿಂದೆ ನನ್ನ ಜೊತೆ ದುಡಿದ ಸಪ್ಲಾಯರ್ ಅಣ್ಣ ಕಣ್ಣ ಮುಂದೆ ಬಂದು ನಿಂತ. ಹೆಗಲ ಮೇಲೆ ಮಾಸಿದ ಟವೆಲ್ಲು, ಕೈಯಲ್ಲಿ ಸೋಂಪಿನ ತಟ್ಟೆ... ನೋಡುತ್ತ ನಿಂತುಬಿಟ್ಟೆ, ಬಾಣಲೆಯಲ್ಲಿದ್ದದ್ದು ಸೀದುಹೋಯಿತು. ಹೋಗಲಿ ಬಿಡಿ.

ಈ ಖಾನಾವಳಿಗೆ ಮೊದಲು ನಾನು ಹೊಸಪೇಟೆಯ ಒಂದು ಬಾರಿನ ಅಡುಗೆಮನೆಯಲ್ಲಿ ಮಸಾಲೆ ಅರೆಯುತ್ತಿದ್ದೆ. ಬಾರಿನಲ್ಲಿ ಕೆಲಸ ಎಂದರೆ ಓಣಿಯ ಹೆಂಗಸರು ಮೂಗು ಮುರಿಯುತ್ತಿದ್ದರು. ಮುರಿಯಲಿ, ಅವರ ಮೂಗು ತಾನೆ! ಗಿರಾಕಿಗಳು ಬಿಲ್ಲಿನ ಜೊತೆ ಬಂದ ಸೋಂಪಿನ ತಟ್ಟೆಯಲ್ಲಿ ಟಿಪ್ಸ್ ಬಿಟ್ಟು ಹೋಗುತ್ತಿದ್ದರು. ಬೇರೆ ಕಡೆ ಅದು ತಂದಿಟ್ಟವನ ಜೇಬು ಸೇರುತ್ತಿತ್ತು. ನಮ್ಮ ಅಣ್ಣ ಮಾತ್ರ ಅರ್ಧವನ್ನು ಒಳಗೆ ತಂದು ನಮಗೆ ಕೊಡುತ್ತಿದ್ದ. "ಮಾಡಾಕ ನೀವು, ತಿನ್ನಾಕ ನಾ ಒಬ್ನ ಏನು?" ಎನ್ನುತ್ತಿದ್ದ.

ಒಂದು ಮೇಜಿಗೆ ಮಾತ್ರ ಬಿಲ್ಲೂ ಇಲ್ಲ, ಸೋಂಪಿನ ತಟ್ಟೆಯೂ ಇಲ್ಲ. ನಮ್ಮ ಬಾರಿನ ಸಾಹುಕಾರರ ಗೆಳೆಯರಾದ ಸಂಡೂರು, ಕಂಪ್ಲಿ ಕಡೆಯ ಬಾರ್ ಮಾಲೀಕರು ಬಂದರೆ ಕೂರುತ್ತಿದ್ದದ್ದು ಅಲ್ಲಿ. ಒಬ್ಬರ ಬಾರಿಗೆ ಇನ್ನೊಬ್ಬರು ಬಂದರೆ ದುಡ್ಡು ಕೇಳಬಾರದು, ಅದು ಅವರವರ ಮರ್ಯಾದೆ. ಬಂದವರು ಟಿಪ್ಸನ್ನೂ ಕೊಡಬಾರದು; ಕೊಟ್ಟರೆ 'ನಿನ್ನ ಆಳುಗಳನ್ನು ನೀನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ' ಎಂದು ಮುಖಕ್ಕೆ ಹೇಳಿದಂತಂತೆ. ಅಪ್ಪಿತಪ್ಪಿ ಯಾರಾದರೂ ಕೊಡಲು ಬಂದರೆ ಸಪ್ಲಾಯರ್ ಎದೆಯ ಮೇಲೆ ಕೈಯಿಟ್ಟು "ಬ್ಯಾಡ್ರಿ" ಎನ್ನಬೇಕು. ಆಹಾ, ಎಂಥ ಮರ್ಯಾದೆ! ಆ ಮೇಜಿಗೆ ಅರೆದು ಅರೆದು ನಮ್ಮ ರಟ್ಟೆ ಬಿದ್ದುಹೋಗುತ್ತಿತ್ತು.

ಒಂದು ಮಧ್ಯಾಹ್ನ ಸಂಡೂರಿನ ಮಾಲೀಕರು ನಾವು ಮಾಡಿದ ಕುರಿ ಕರುಳಿನ ಬೋಟಿ ಫ್ರೈ ತಿಂದು ಖುಷಿಯಾಗಿ, ಜೇಬಿನಿಂದ ನೋಟು ತೆಗೆದು ಅಣ್ಣನತ್ತ ಚಾಚಿದರು. ಅಣ್ಣ ಎದೆಯ ಮೇಲೆ ಕೈಯಿಡಲಿಲ್ಲ. ಅಡುಗೆಮನೆಯತ್ತ ತಿರುಗಿ, "ಎಲ್ಲಾರೂ ಹೊರಗ ಬರ್ರವಾ!" ಎಂದು ಕೂಗಿದ. ನಾವು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದೆವು.

"ಮಾಡಿದವ್ರು ಇವ್ರ ರೀ. ಇವ್ರ ಕೈಯಾಗ ಕೊಡ್ರಿ" ಎಂದ.

ಅವರು ನಗುತ್ತ ಹತ್ತಿರವಿದ್ದ ನನ್ನ ಕೈಗೇ ಕೊಟ್ಟರು. ನಮ್ಮ ಸಾಹುಕಾರರ ಮುಖ ಕಪ್ಪಿಟ್ಟಿತು.

"ಲೇ, ಅದನ್ನ ವಾಪಸ್ ಕೊಡ್ಸಿ ತಪ್ಪಾತು ಅನ್ನು. ಇಲ್ಲಾಂದ್ರ ನಾಳಿಂದ ಬರಬ್ಯಾಡ" ಎಂದು ಅಣ್ಣನ ಮೇಲೆ ರೇಗಿದರು.

"ನಾ ಏನ್ ಕೇಳಿಲ್ರಿ, ಅವ್ರ ಕೊಟ್ಟಾರ. ತಿರುಗಿ ಕೊಟ್ರ ಅವ್ರ ಮರ್ಯಾದಿ ಹೋಗಂಗಿಲ್ಲೇನ್ರಿ?" ಎಂದ ಅಣ್ಣ.

ಸಂಡೂರಿನವರು ತಲೆ ತಗ್ಗಿಸಿ ಗ್ಲಾಸು ನೋಡುತ್ತ ಕುಳಿತರು. ಅಣ್ಣನ ಮನೆಯಲ್ಲಿ ಹೆಂಡತಿ, ಓದುವ ಮಕ್ಕಳು, ದುಡಿಯುವವನು ಇವನೊಬ್ಬನೇ. ಎಲ್ಲ ಗೊತ್ತಿದ್ದೂ ಟವೆಲ್ಲು ಮಡಚಿ ಮೇಜಿನ ಮೇಲಿಟ್ಟು ಹೊರಟ. ನನಗೂ ಎಲ್ಲಿತ್ತೋ ಸಿಟ್ಟು, ನೋಟನ್ನು ಉಳಿದ ಹೆಂಗಸರ ಕೈಗೆ ತುರುಕಿ ಅವನ ಹಿಂದೆಯೇ ಹೊರಬಿದ್ದೆ.

ನಾನು ಹೇಗೋ ಈ ಖಾನಾವಳಿಯ ಒಲೆ ಹೂಡಿಕೊಂಡೆ. ಅವನಿಗೆ ಮಾತ್ರ ಈ ಕಡೆಯ ಯಾವ ಬಾರೂ ಬಾಗಿಲು ತೆರೆಯಲಿಲ್ಲ. ಮಾಲೀಕರೆಲ್ಲ ಒಂದೇ ಅಲ್ಲವೇ? ಕೊನೆಗೆ ಯಶವಂತನಗರದ ಕಡೆ ಗಣಿಯ ಕ್ಯಾಂಟೀನೊಂದರಲ್ಲಿ ಚಹಾ ಕೊಡುವ ಕೆಲಸ ಸಿಕ್ಕಿತು. ಆ ಕೆಂಪು ಧೂಳು, ಆ ಕೆಮ್ಮು... ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿಯೇ ಬಿಟ್ಟೆ, "ಅವತ್ತು ಸುಮ್ನ ಇದ್ದಿದ್ರ ಚಲೋ ಇತ್ತಲ್ಲಣ್ಣ?"

"ಏ ಹುಚ್ಚಿ, ಬೋಟಿ ಮಸ್ತ್ ಆಗಿತ್ತಲ್ಲ ಅವತ್ತು!" ಎಂದು ಕೆಮ್ಮುತ್ತ ಕೆಮ್ಮುತ್ತ ನಕ್ಕ.

ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ; ಅವನೂರು ಕಂಪ್ಲಿಗೆ ಮಣ್ಣಿಗೆ ಹೋದೆ. ಸಾಹುಕಾರರೂ ಕೋಲೂರಿಕೊಂಡು ಬಂದಿದ್ದರು. "ನನ್ನ ಮನಿ ಮಗನಂಗ ಇದ್ದ" ಎಂದು ಜನರ ಮುಂದೆ ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

"ಮಗನ್ನ ಯಾರ್ ಹೊರಗ ಹಾಕ್ತಾರ್ರಿ?" ಎಂದೆ.

ಕೂತವರೆಲ್ಲ ನನ್ನ ಕಡೆ ತಿರುಗಿದರು. ಸಾಹುಕಾರರು ದನಿ ತಗ್ಗಿಸಿದರು: "ಹೆಣದ ಮುಂದ ಯಾಕವ್ವಾ ಇನ್ನೂ ಸಿಟ್ಟು? ಬಿಟ್ಟುಬಿಡು."

"ಬಿಡಂಗಿಲ್ರಿ" ಎಂದೆ.

ಇವತ್ತಿಗೂ ಬಿಟ್ಟಿಲ್ಲ. ಅಣ್ಣನಿದ್ದಿದ್ದರೆ ಏನಾದರೊಂದು ಹೇಳಿ ನಗಿಸಿ ನನ್ನನ್ನು ಸುಮ್ಮನಾಗಿಸುತ್ತಿದ್ದ. ನನ್ನನ್ನು ಸುಮ್ಮನಾಗಿಸುವವರು ಈಗ ಯಾರೂ ಇಲ್ಲ.