ಒಗೆಯದ ಒಂದು ತುಂಡು

ಬೆಳಗಿನ ಆರು ಗಂಟೆ. ನಾನು ಬಂದು ನೆಲೆಸಿರುವ, ಲಾ ವೆರ್ನಾಡ್ ಎಂಬ ಹದಿನಾಲ್ಕು ಮನೆಗಳ ಫ್ರೆಂಚ್ ಹಳ್ಳಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಅಡುಗೆಮನೆಯಲ್ಲಿ. ಸೌದೆ ಒಲೆಯ ಪಕ್ಕದ ಮೇಜಿನ ತುಂಬ ಹೂವು: ನೀಲಿ ಹೂವು, ಕಂದು ಹೂವು, ಬಣ್ಣ ಮಾಸಿ ಯಾವ ಹೂವೆಂದು ತಿಳಿಯದ ಹೂವು. ಎಲ್ಲವೂ ಜಿನೆಟ್ ಎಂಬ ರೈತ ಹೆಂಗಸು ತೊಟ್ಟು ಸವೆಸಿದ ಮೇಲಂಗಿಗಳ ತುಂಡುಗಳು. ಈ ಕಡೆಯ ಅಜ್ಜಿಯರಿಗೆ ತೋಳಿಲ್ಲದ ಹೂವಿನ ಮೇಲಂಗಿ ಎಂದರೆ ನಮ್ಮ ಕರ್ನಾಟಕದಲ್ಲಿ ನೈಟಿ ಇದ್ದ ಹಾಗೆ. ಹಾಲು ಕರೆಯಲಿಕ್ಕೂ ಅದೇ, ಅಂಚೆಯವನ ಜೊತೆ ಹರಟಲಿಕ್ಕೂ ಅದೇ.

ಆ ತುಂಡುಗಳನ್ನು ಒಂದಕ್ಕೊಂದು ಸೇರಿಸುತ್ತಿರುವವರು ಬೆರಿಲ್ ಹಾಗಾರ್ತ್. ವಯಸ್ಸು ಎಪ್ಪತ್ತನಾಲ್ಕು. ಹುಟ್ಟಿದ್ದು, ದುಡಿದದ್ದು ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ. ನಿವೃತ್ತಿಯ ಮೇಲೆ ಗಂಡನ ಜೊತೆ ಫ್ರಾನ್ಸಿನ ಈ ಕ್ರೂಜ್ ಸೀಮೆಗೆ ಬಂದು ಹದಿನೆಂಟು ವರ್ಷ. ಈಗ ಒಬ್ಬರೇ. ನಮ್ಮ ಬಡಗಣ ಸೀಮೆಯ ಅಜ್ಜಿಯರು ಹಳೆ ಸೀರೆಯಲ್ಲಿ ಹೊಲಿಯುವ ಕೌದಿಯನ್ನೇ ಇವರು ಸತ್ತವರ ಬಟ್ಟೆಯಲ್ಲಿ ಹೊಲಿಯುತ್ತಾರೆ.

ಜಿನೆಟ್ ತೀರಿಕೊಂಡದ್ದು ಮೇ ತಿಂಗಳಲ್ಲಿ. ಗಂಡ ಲೆಯೋನ್ಸ್ ಪೇರಾನಿಗೆ ಎಂಬತ್ತಾರು. ಮಕ್ಕಳಿಲ್ಲ, ಮಂಡಿಗಳು ಮಾತು ಕೇಳುವುದಿಲ್ಲ. ಅಕ್ಟೋಬರಿನ ಮೊದಲ ಸೋಮವಾರ ಅವನು ಪಟ್ಟಣದ ವೃದ್ಧಾಶ್ರಮ ಸೇರುತ್ತಾನೆ. ಅಷ್ಟರೊಳಗೆ ಕೌದಿ ಅವನ ಕೈಗೆ ಸಿಗಬೇಕು.

"ಹೊಲಿಗೆ ಮುಗಿಯತ್ತೆ, ಅದರ ಚಿಂತೆ ನನಗಿಲ್ಲ," ಎನ್ನುತ್ತಾರೆ ಬೆರಿಲ್, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ. "ಚಿಂತೆ ಇರೋದು ಆ ಡಬ್ಬೀಲಿರೋದರದ್ದು."

ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳಕ್ಕೆ ಸುತ್ತ ಅಂಟುಪಟ್ಟಿ. ಒಳಗೆ ಜಿನೆಟ್ಟಳ ಹದಿನೇಳನೆಯ ಮೇಲಂಗಿ ಇದೆ. ಅದನ್ನು ಒಗೆದಿಲ್ಲ. ಉಳಿದ ಹದಿನಾರರಲ್ಲಿ ಸಾಬೂನಿನ ವಾಸನೆ, ಇದೊಂದರಲ್ಲಿ ಮಾತ್ರ ಜಿನೆಟ್ಟಳ ವಾಸನೆ. ಇದನ್ನು ಒಗೆಯದೆ ಗಂಡನ ಹಾಸಿಗೆಗೆ ತಲುಪಿಸುವುದೇ ಬೆರಿಲಮ್ಮನ ಈ ಹೊತ್ತಿನ ಕೆಲಸ.

ಒಗೆಯುವುದರ ಬಗ್ಗೆ ಇವರಿಗೆ ತಿಳಿಯದ್ದೇನೂ ಇಲ್ಲ. ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ನಿಂತ ಕಾಲಲ್ಲಿ ದುಡಿದವರು. ದಿನಕ್ಕೆ ಎರಡು ಸಾವಿರ ಹಾಸುಬಟ್ಟೆ, ಆರುನೂರು ದಿಂಬಿನ ಚೀಲ, ಲೆಕ್ಕವಿಲ್ಲದಷ್ಟು ಅಂಗಿ. ರಕ್ತಕ್ಕೆ ತಣ್ಣೀರು, ಔಷಧಿ ಕಲೆಗೆ ಬೇರೆ ಪುಡಿ, ಮಿಕ್ಕಿದ್ದಕ್ಕೆಲ್ಲ ಕುದಿಯುವ ನೀರು. ಅಲ್ಲಿ ರೋಗಿಗಳು ಸಾಯುತ್ತಿದ್ದರು, ಹಾಸು ಅದೇ ದಿನ ಬೆಳ್ಳಗಾಗಿ ಇನ್ನೊಬ್ಬರ ಮಂಚಕ್ಕೆ ಹೋಗುತ್ತಿತ್ತು. ಒಗೆದ ಬೆರಿಲ್ ಹೆಸರು ಆ ಆಸ್ಪತ್ರೆಯ ಯಾವ ಗೋಡೆಯ ಮೇಲೂ ಇಲ್ಲ. ವಾರ್ಡಿಗೆ ಬರುವ ಡಾಕ್ಟರಿಗೆ ಬಟ್ಟೆ ಎಲ್ಲಿಂದ ಬರುತ್ತದೆ ಎಂಬುದೇ ಗೊತ್ತಿರುತ್ತಿರಲಿಲ್ಲ ಎಂದು ಬೆರಿಲ್ ನಗುತ್ತಾರೆ. ನನಗಾದರೆ ಕೋಪ ಬರುತ್ತದೆ.

ಗಂಡ ಡೆರೆಕ್ ಅದೇ ಊರಿನ ಬಸ್ ಡಿಪೋದಲ್ಲಿದ್ದವರು. ಇಬ್ಬರ ಪಿಂಚಣಿಯಲ್ಲಿ ಅಲ್ಲಿ ಸಾಲು ಮನೆಯೊಂದರ ಅರ್ಧವೂ ಬರುತ್ತಿರಲಿಲ್ಲ. ಇಲ್ಲಿ ಕಲ್ಲಿನ ಮನೆ, ಹಿತ್ತಲು, ಎರಡು ಸೇಬಿನ ಮರ ಬಂದವು. ಹನ್ನೆರಡು ವರ್ಷ ಚೆನ್ನಾಗಿ ಬದುಕಿದರು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಡೆರೆಕ್ ಹಿತ್ತಲಿನಲ್ಲಿ ಈರುಳ್ಳಿ ಕೀಳುತ್ತ ಕುಳಿತವರು ಏಳಲಿಲ್ಲ.

"ಮಣ್ಣು ಮಾಡಿ ಬಂದ ಮಾರನೇ ದಿನ ಏನ್ ಮಾಡಿದೆ ಗೊತ್ತಾ? ಅವನ ಬಟ್ಟೆ ಅಷ್ಟೂ ಒಗೆದೆ," ಎನ್ನುತ್ತಾರೆ. "ಹನ್ನೊಂದು ಶರಟು. ಯೋಚನೇನೇ ಮಾಡಲಿಲ್ಲ ಕಣೇ. ಸತ್ತವರ ಬಟ್ಟೆ ಬಿಸಿನೀರಿಗೆ ಹಾಕೋದು ಈ ಕೈಗೆ ಅಭ್ಯಾಸ. ಒಗೆದು, ಒಣಗಿಸಿ, ಇಸ್ತ್ರಿ ಹಾಕಿ, ವಾರ್ಡಿಗೆ ಕಳಿಸೋ ಹಾಗೆ ಮಡಚಿಟ್ಟೆ. ಸಂಜೆ ಒಂದನ್ನ ಎತ್ತಿ ಮುಖಕ್ಕೆ ಇಟ್ಕೊಂಡೆ. ಅದರಲ್ಲಿ ಡೆರೆಕ್ ಇರಲಿಲ್ಲ. ಸಾಬೂನಿತ್ತು."

ಆ ಶರಟುಗಳಿಂದಲೇ ಮೊದಲ ಕೌದಿ ಹುಟ್ಟಿತು. ಸುಮ್ಮನೆ ಕೂರಲಾಗದೆ ಹೊಲಿದದ್ದು. ನೋಡಿದವರು ತಮ್ಮ ಅಪ್ಪನ ಕೆಲಸದ ನೀಲಿ ಅಂಗಿ ತಂದರು, ಅತ್ತೆಯ ಪರದೆ ತಂದರು. ಈವರೆಗೆ ನಲವತ್ತಮೂರು ಕೌದಿ. ಬದಲಿಗೆ ಮೊಟ್ಟೆಯೋ ಸೌದೆಯೋ ಬಾಗಿಲಿಗೆ ಬರುತ್ತದೆ. ಎಲ್ಲರಿಗೂ ಬೆರಿಲ್ ಹೇಳುವ ಮಾತು ಒಂದೇ: ಒಗೆಯಬೇಡಿ, ಹಾಗೇ ತನ್ನಿ. ಯಾರೂ ಕೇಳುವುದಿಲ್ಲ. ಮೈಲಿಗೆ ಬಟ್ಟೆಯನ್ನು ಇನ್ನೊಬ್ಬರ ಮನೆಗೆ ಕೊಡುವುದೆಂದರೆ ಈ ಊರಿನವರಿಗೆ ಮಾನ ಹೋದಂತೆ. ಒಗೆದು, ಲ್ಯಾವೆಂಡರ್ ಹೂವಿನ ಚೀಲ ಇಟ್ಟು, ಇಸ್ತ್ರಿ ಮಾಡಿ ತರುತ್ತಾರೆ. ನಾನೇನು ಕಡಿಮೆ? ಅಮ್ಮ ತೀರಿಕೊಂಡ ವಾರವೇ ಅವಳ ಸೀರೆಗಳನ್ನೆಲ್ಲ ಡ್ರೈಕ್ಲೀನಿಗೆ ಕೊಟ್ಟು ಬಂದವಳು ನಾನು.

ಜಿನೆಟ್ಟಳ ಮನೆಯಲ್ಲೂ ಅದೇ ಆಯಿತು. ಇಲ್ಲಿ ಸಾವಾದ ಮನೆಗೆ ಪಕ್ಕದ ಮನೆಯವಳು ಹೋಗಿ ಸತ್ತವರ ಬಟ್ಟೆಯನ್ನೆಲ್ಲ ಒಗೆದುಕೊಡುವುದು ರೂಢಿ. ಪಕ್ಕದ ಮನೆಯವಳು ಯೊಲಾಂದ್, ಎಪ್ಪತ್ತೊಂಬತ್ತು ವರ್ಷ, ಬಾಯಿ ಜೋರು, ಮನಸ್ಸು ಬೆಣ್ಣೆ. ಲೆಯೋನ್ಸ್ ಸ್ಮಶಾನದಿಂದ ಬರುವಷ್ಟರಲ್ಲಿ ಹದಿನಾರು ಮೇಲಂಗಿ ತಂತಿಯ ಮೇಲೆ ಹಾರಾಡುತ್ತಿದ್ದವು. ಕೋಳಿಗೂಡಿನ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೊಂದು ಅವಳ ಕಣ್ಣಿಗೆ ಬೀಳದೆ ಉಳಿಯಿತು. ಈಗ ಡಬ್ಬಿಯಲ್ಲಿರುವುದು ಅದೇ. ಅಂದಿನಿಂದ ಲೆಯೋನ್ಸ್ ಯೊಲಾಂದ್ ಜೊತೆ ಮಾತು ಬಿಟ್ಟಿದ್ದಾನೆ. ಎರಡು ಮನೆಗೂ ಗೋಡೆ ಒಂದೇ.

"ನಾನು ಒಳ್ಳೇದಕ್ಕೇ ಮಾಡಿದ್ದು," ಎನ್ನುತ್ತಾಳೆ ಯೊಲಾಂದ್. "ಐವತ್ತು ವರ್ಷದಿಂದ ಎಲ್ಲರಿಗೂ ಮಾಡಿದೀನಿ. ಯಾರೂ ನನ್ನ ಮುಖ ನೋಡದೇ ಹೋಗಿಲ್ಲ." ಹೇಳುವಾಗ ಅವಳು ನಮ್ಮ ಮುಖ ನೋಡುವುದಿಲ್ಲ.

ಬೆರಿಲಮ್ಮನ ದಿನ ಹೀಗೆ: ಆರರಿಂದ ಹತ್ತರವರೆಗೆ ಹೊಲಿಗೆ, ಬೆರಳೊಂದರಷ್ಟು ಜಾಗಕ್ಕೆ ಏಳೆಂಟು ಹೊಲಿಗೆ. ಮಂಗಳವಾರ, ಶುಕ್ರವಾರ ಬ್ರೆಡ್ಡಿನ ಗಾಡಿ ಹಾರ್ನ್ ಹೊಡೆದಾಗ ಒಂದು ಬಿಡುವು. ಮಧ್ಯಾಹ್ನ ಸೂಪು, ಹಿತ್ತಲು, ಡೆರೆಕ್ ಸಮಾಧಿಗೆ ಒಂದು ಸುತ್ತು. ನಾಲ್ಕಕ್ಕೆ ಹಾಲು ಹಾಕಿದ ಚಹಾ. ಅದನ್ನು ನೋಡಿದರೆ ಯೊಲಾಂದ್‌ಗೆ ಮೈ ಉರಿಯುತ್ತದೆ. "ಪಾತ್ರೆ ತೊಳೆದ ನೀರು ಕುಡಿದೂ ಕುಡಿದೂ ಇವಳ ಫ್ರೆಂಚ್ ಹೀಗಾಗಿದೆ," ಎಂದು ನನಗೆ ಹೇಳುತ್ತಾಳೆ, ಬೆರಿಲ್‌ಗೆ ಕೇಳುವ ಹಾಗೆ. ನಿಮ್ಮೂರಿಗೆ ವಾಪಸು ಹೋಗಬಾರದೇ ಎಂದು ನಾನೊಮ್ಮೆ ಬೆರಿಲ್ ಅವರನ್ನು ಕೇಳಿದ್ದೆ. "ಅಲ್ಲಿ ಅಕ್ಕ ಇದಾಳೆ. ಇಲ್ಲಿ ಡೆರೆಕ್ ಇದಾನೆ. ಎಲ್ಲಿದ್ರೂ ಇನ್ನೊಂದು ಕಡೆ ನೆನಪಾಗತ್ತೆ," ಎಂದಿದ್ದರು.

ಸೆಪ್ಟೆಂಬರಿನ ಎರಡನೇ ವಾರ ಬೆರಿಲ್ ಮತ್ತು ನಾನು ವೃದ್ಧಾಶ್ರಮಕ್ಕೆ ಹೋಗುತ್ತೇವೆ. ಅವರ ಕಣ್ಣು ಈಗ ಗಾಡಿ ಓಡಿಸುವಷ್ಟು ಚುರುಕಿಲ್ಲ, ಹಾಗಾಗಿ ಚಾಲಕಿ ನಾನು. ಅಲ್ಲಿನ ಬಟ್ಟೆಕೋಣೆಯ ಮುಖ್ಯಸ್ಥೆ ನಾದೆಜ್, ನಲವತ್ತರ ಗಟ್ಟಿ ಹೆಂಗಸು. ವಿಷಯ ಪೂರ್ತಿ ಕೇಳುವ ಮೊದಲೇ ತಲೆ ಅಲ್ಲಾಡಿಸುತ್ತಾಳೆ.

"ಹೊರಗಿಂದ ಬರೋ ಪ್ರತಿಯೊಂದೂ ಮೊದಲು ನನ್ನ ಮೆಷಿನ್‌ಗೆ ಹೋಗಬೇಕು ಕಣ್ರೀ. ಕುದಿಯೋ ನೀರಲ್ಲಿ. ಹೋದ ವರ್ಷ ಯಾರೋ ಒಂದು ಕುರ್ಚಿ ತಂದ್ರು, ಅದರಲ್ಲಿ ತಿಗಣೆ ಬಂತು, ಇಡೀ ಮಹಡಿ ಖಾಲಿ ಮಾಡಿಸಬೇಕಾಯ್ತು. ಹೆಂಡತಿ ನೆನಪು ಅಂದ್ರೆ ನನಗೂ ಕರುಳು ಚುರ್ ಅನ್ನತ್ತೆ. ತಿಗಣೆಗೆ ಅನ್ನಲ್ಲವಲ್ಲ?"

ನಾನು ಬಾಯಿ ತೆರೆಯುತ್ತೇನೆ. ಬೆರಿಲ್ ನನ್ನ ಕೈ ಹಿಡಿದು ಸುಮ್ಮನಾಗಿಸುತ್ತಾರೆ.

"ಸರಿಯಾಗೇ ಹೇಳ್ತಿದೀರಿ. ನಾನು ನಿಮ್ಮ ಜಾಗದಲ್ಲಿದ್ರೂ ಇದೇ ಹೇಳ್ತಿದ್ದೆ," ಎನ್ನುತ್ತಾರೆ ಅವರು ತಮ್ಮ ಒಡ್ಡೊಡ್ಡು ಫ್ರೆಂಚಿನಲ್ಲಿ. ಒಗೆಯುವ ಪುಡಿ ಕೊರೆದು ಬಿಳಿಚಿದ ಬೆರಳುಗಳನ್ನು ಮೇಜಿನ ಮೇಲಿಡುತ್ತಾರೆ. ನಾದೆಜ್ ಆ ಬೆರಳುಗಳನ್ನು ನೋಡುತ್ತಾಳೆ. ಅವಳವೂ ಹಾಗೇ ಇವೆ. "ಆದ್ರೆ ಬಿಸಿಯಿಂದ ಸಾಯೋದು ಚಳಿಯಿಂದಲೂ ಸಾಯತ್ತಲ್ಲ? ನೀರಿಗೆ ಹಾಕಬಾರದ ಕಂಬಳಿಗಳನ್ನ ನಾವು ಫ್ರೀಜರ್‌ನಲ್ಲಿ ಇಡ್ತಿದ್ವಿ. ಹತ್ತು ದಿನ."

ನಾದೆಜ್ ಬೆರಳೆಣಿಸಿ ಷರತ್ತು ಹಾಕುತ್ತಾಳೆ. "ಚೀಲದ ಬಾಯಿ ಮುಚ್ಚಿರಬೇಕು. ನನ್ನ ಕೈಗೆ ಬಂದಾಗ ಮಂಜುಗಡ್ಡೆ ಹಾಗೆ ಕೊರೀತಿರಬೇಕು. ಸ್ವಲ್ಪ ಬೆಚ್ಚಗಿದ್ರೂ ಸೀದಾ ಮೆಷಿನ್‌ಗೆ. ಆಮೇಲೆ ನನ್ನ ಬೈಕೋಬಾರದು."

ಹದಿನಾರು ಮೇಲಂಗಿಗಳ ಮುನ್ನೂರ ಎಂಬತ್ತು ತುಂಡು, ನಡುವೆ ಲೆಯೋನ್ಸನ ಕುರಿಗಳ ಉಣ್ಣೆ, ಅಡಿಯಲ್ಲಿ ಜಿನೆಟ್ ಮದುವೆಗೆ ತಂದ ನಾರುಬಟ್ಟೆಯ ಹಾಸು. ಮುಖಕ್ಕೆ ತಾಗುವ ಮೇಲ್ತುದಿಯ ಮೂಲೆಗೆ ಕೊನೆಯದಾಗಿ ಆ ಹದಿನೇಳನೆಯದು, ಜೇಬಿನ ಸಮೇತ. ಡಬ್ಬಿಯಿಂದ ತೆಗೆದ ಅರ್ಧ ಗಂಟೆಯಲ್ಲಿ ಹೊಲಿದು ಮುಗಿಸಿದರು, ಇಸ್ತ್ರಿ ತಾಗಿಸಲಿಲ್ಲ. ಆಶ್ರಮದ ನಿಯಮದಂತೆ ಹೆಸರಿನ ಪಟ್ಟಿ ಹೊಲಿದರು: ಲೆಯೋನ್ಸ್ ಪೇರಾ. ಅದರ ಕೆಳಗೆ ಕೆಂಪು ದಾರದಲ್ಲಿ, ಒಗೆಯಬೇಡಿ.

ಈಗ ಫ್ರೀಜರ್ ಎಲ್ಲಿಂದ ತರುವುದು? ಬೆರಿಲಮ್ಮನದರಲ್ಲಿ ಬಟಾಣಿಯ ಪೊಟ್ಟಣವೂ ಓರೆಯಾಗಿ ಕೂರಬೇಕು. ನನ್ನದೂ ಅಷ್ಟೇ. ಊರಿನಲ್ಲಿ ಹೆಣ ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ ಇರುವುದು ಯೊಲಾಂದ್ ಮನೆಯಲ್ಲಿ, ಅದರೊಳಗೆ ಚಳಿಗಾಲಕ್ಕೆಂದು ಅರ್ಧ ಹಂದಿ, ಹನ್ನೊಂದು ಮೊಲ, ವರ್ಷದ ಹುರುಳಿಕಾಯಿ.

ಕೇಳಲು ಹೋದ ನಮ್ಮನ್ನು ಅವಳು ಬಾಗಿಲಲ್ಲೇ ತಡೆಯುತ್ತಾಳೆ. "ನಿನ್ನ ಚಿಂದಿಗೋಸ್ಕರ ನನ್ನ ಹಂದಿ ಬೀದಿಗೆ ಬೀಳಬೇಕಾ?" ಎಂದು ಬೆರಿಲ್ ಮೇಲೆ ರೇಗುತ್ತಾಳೆ. ಆಮೇಲೆ ದನಿ ತಗ್ಗಿಸಿ, "ಆ ಒಂದು ಮೇಲಂಗಿ ಇದೆಯಾ ಅದರಲ್ಲಿ?" ಎನ್ನುತ್ತಾಳೆ. ಇದೆ ಎನ್ನುತ್ತಾರೆ ಬೆರಿಲ್. ಯೊಲಾಂದ್ ಅಂಗಿಯ ತೋಳು ಮೇಲೇರಿಸಿ ಪೆಟ್ಟಿಗೆ ಖಾಲಿ ಮಾಡತೊಡಗುತ್ತಾಳೆ. ಆ ಹತ್ತು ದಿನ ಊರಿಡೀ ಮೊಲದ ಸಾರು. ನನ್ನ ಪಾಲಿಗೇ ಎರಡು ಬಂದವು.

ಅಕ್ಟೋಬರಿನ ಮೊದಲ ಸೋಮವಾರ. ಮುಂದಿನ ಸೀಟಿನಲ್ಲಿ ಲೆಯೋನ್ಸ್, ಮದುವೆಗೂ ಸಾವಿಗೂ ಹಾಕುವ ಕೋಟಿನಲ್ಲಿ. ಹಿಂದೆ ಬೆರಿಲ್. ಅವರ ಪಕ್ಕ ಯೊಲಾಂದ್, ತೊಡೆಯ ಮೇಲೆ ಹೆಪ್ಪುಗಟ್ಟಿದ ಕೌದಿ. ಬೇರೆ ಯಾರ ಕೈಗೂ ಕೊಡಲೊಲ್ಲಳು. ಇಪ್ಪತ್ತೆರಡು ಕಿಲೋಮೀಟರ್ ದಾರಿಯುದ್ದಕ್ಕೂ ಅವಳ ಹಲ್ಲು ಕಟಕಟ ಅನ್ನುವುದು ನನಗೆ ಕೇಳುತ್ತದೆ. ಲೆಯೋನ್ಸ್ ಹಿಂದೆ ತಿರುಗುವುದಿಲ್ಲ.

ನಾದೆಜ್ ಚೀಲಕ್ಕೆ ಅಂಗೈ ಒತ್ತುತ್ತಾಳೆ. ಕೆಂಡ ಮುಟ್ಟಿದ ಹಾಗೆ ಕೈ ಹಿಂದೆಳೆದುಕೊಳ್ಳುತ್ತಾಳೆ. "ಪಾಸು," ಎನ್ನುತ್ತಾಳೆ.

ಎರಡನೇ ಮಹಡಿಯ ಕೋಣೆಯಲ್ಲಿ ಮಂಚ, ಬೀರು, ಕಿಟಕಿ. ಕೌದಿ ಚೀಲದೊಳಗೇ ಚಳಿ ಬಿಡಬೇಕು, ಎರಡು ಗಂಟೆ ಹಿಡಿಯುತ್ತದೆ. ವಾಸನೆ ಉಳಿದಿರುತ್ತದೆಯೇ ಎಂದು ಬೆರಿಲ್ ಕಿವಿಯಲ್ಲಿ ಕೇಳುತ್ತೇನೆ. "ಗೊತ್ತಿಲ್ಲ. ಕಂಬಳೀನ ಯಾರೂ ಮೂಸಿ ನೋಡ್ತಿರಲಿಲ್ಲ," ಎನ್ನುತ್ತಾರೆ. ಅವರ ಮುಖ ಸುಣ್ಣವಾಗಿದೆ. ನಾಲ್ವರೂ ಗೋಡೆ ನೋಡುತ್ತ ಕೂರುತ್ತೇವೆ.

ಕೊನೆಗೆ ಬೆರಿಲ್ ಚೀಲ ಬಿಚ್ಚಿ, ಕೌದಿಯನ್ನು ಮಂಚದ ಮೇಲೆ ಹರವಿ, ಆ ಮೂಲೆಯನ್ನು ಮುದುಕನ ಕೈಗೆ ಕೊಡುತ್ತಾರೆ. ಲೆಯೋನ್ಸ್ ಅದನ್ನು ಮೂಗಿಗೆ ಹಿಡಿಯುತ್ತಾನೆ. ಮತ್ತೆ ಹಿಡಿಯುತ್ತಾನೆ.

"ಕೋಳಿ," ಎನ್ನುತ್ತಾನೆ. "ಸಾವಿರ ಸಲ ಹೇಳಿದೀನಿ ಇವಳಿಗೆ, ಕೋಳಿಗೂಡಿಗೆ ಹಾಕ್ಕೊಂಡು ಹೋಗಿದ್ದನ್ನ ಊಟದ ಮೇಜಿಗೆ ತರಬೇಡ ಅಂತ. ಒಂದು ದಿನ ಕೇಳಿದಳಾ?"

"ಹೇಳಿದ ಮಾತು ಕೇಳೋಳಾಗಿದ್ರೆ ನಿಮ್ಮನ್ನ ಕಟ್ಕೊಳ್ತಿದ್ಲಾ?" ಎನ್ನುತ್ತಾಳೆ ಯೊಲಾಂದ್.

ಲೆಯೋನ್ಸ್ ಅವಳತ್ತ ತಿರುಗುತ್ತಾನೆ. ಐದು ತಿಂಗಳಲ್ಲಿ ಇದೇ ಮೊದಲು. "ನಿಮ್ಮ ಕೈ ನೀಲಿಯಾಗಿದೆ," ಎಂದು ಕೌದಿಯ ಇನ್ನೊಂದು ತುದಿಯನ್ನು ಅವಳ ಮಡಿಲಿಗೆ ಎಳೆದು ಹಾಕುತ್ತಾನೆ. ನಾನು ಕಿಟಕಿಯ ಹೊರಗೆ ನೋಡಿದೆ. ಬೆರಿಲ್ ಆಗಲೇ ಬಾಗಿಲ ಹೊರಗಿದ್ದರು.

ವಾಪಸು ಬರುವಾಗ ಯೊಲಾಂದ್ ಹಿಂದೆ ನಿದ್ದೆ ಹೋಗಿದ್ದಾಳೆ. ಈಗ ನಿಮಗೇನು ಆಸೆ ಎಂದು ಬೆರಿಲಮ್ಮನನ್ನು ಕೇಳುತ್ತೇನೆ, ನಾನು ಬರೆಯುವ ಪತ್ರಿಕೆಗೆ ಬೇಕು ಎಂದು ನೆವ ಹೇಳಿ.

"ಬೈಯ್ಯೋಕೆ ಏನಾದ್ರೂ ಒಂದು ಉಳಿದಿದ್ರೆ ಸಾಕಿತ್ತು, ಆ ಮುದುಕನ ಹಾಗೆ," ಎನ್ನುತ್ತಾರೆ. "ಡೆರೆಕ್ ಎಂಜಿನ್ ಎಣ್ಣೆ ಕೈನ ತೋಳಿಗೇ ಒರೆಸ್ಕೊಳ್ತಿದ್ದ. ನಲವತ್ತು ವರ್ಷ ಬೈದೆ. ಅವನು ಹೋದ ಮೇಲೆ ಹನ್ನೊಂದು ಶರಟನ್ನೂ ಬಿಸಿಲಿಗೆ ಹಿಡಿದು ಹುಡುಕಿದೆ ಕಣೇ, ಎಲ್ಲಾದ್ರೂ ಒಂದು ಚುಕ್ಕೆ ಉಳಿದಿದೆಯಾ ಅಂತ." ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. "ಒಂದೂ ಇರಲಿಲ್ಲ. ಕಲೆ ತೆಗೆಯೋದ್ರಲ್ಲಿ ನನ್ನ ಮೀರಿಸೋರು ಆ ಆಸ್ಪತ್ರೇಲೇ ಇರಲಿಲ್ಲ."