ಪಿಟೀಲುಗಳ ಅಡಿಯಿಂದ ಬಂದ ದನಿ

ಬೆಳಗಿನ ಆರು ಗಂಟೆ. ರೆಕಾರ್ಡಿಂಗ್ ಸ್ಟುಡಿಯೋದ ನೆಲಮಾಳಿಗೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ಯಂತ್ರ ಒರೆಸುತ್ತಿದ್ದಾರೆ. ಉಂಗುರ, ಗಡಿಯಾರ ಎರಡನ್ನೂ ಬಿಚ್ಚಿಟ್ಟಿದ್ದಾರೆ. ಒಂದು ಗೀರು ಬಿದ್ದರೂ ಹಳೆಯ ಹಾಡೊಂದು ಕೆಟ್ಟ ಹಾಗೆ. ರಸ್ತೆಯ ಸದ್ದು ಶುರುವಾಗುವ ಮೊದಲೇ ಕಿವಿಯ ಕೆಲಸ ಮುಗಿಸಬೇಕೆಂದು ಇಷ್ಟು ಬೇಗ ಬರುತ್ತಾರೆ. ಸ್ಟುಡಿಯೋದವರಿಗೆಲ್ಲ ಇವರು ‘ಟೇಪಕ್ಕ’.

ಗಂಡ ತೀರಿಕೊಂಡಾಗ ಮಗಳಿಗೆ ಆರು ವರ್ಷ. ಇಲ್ಲಿ ಕಸ ಗುಡಿಸಲು ಸೇರಿಕೊಂಡರು. ಒಂದು ದಿನ ಗುಡಿಸುತ್ತಲೇ, “ಸಾರ್, ಎಡಗಡೆ ಸ್ಪೀಕರ್ ಗೊರಗೊರ ಅಂತಿದೆ” ಅಂದದ್ದೇ ತಡ, ಹಿರಿಯ ಎಂಜಿನಿಯರ್ ಪೊರಕೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡರಂತೆ. ಈಗ ಹಳೆಯ ಟೇಪುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸುವುದು ಇವರ ಕೆಲಸ, ದಿನಕ್ಕೆ ನಾಲ್ಕು ಟೇಪು. ಮುಗಿದದ್ದು ಎರಡು ಸಾವಿರದ ಮುನ್ನೂರು, ಕಪಾಟಿನಲ್ಲಿ ಕಾದಿರುವುದು ಒಂಬೈನೂರು.

ಕಳೆದ ತಿಂಗಳ ಟೇಪೊಂದು ಅವರ ನಿದ್ದೆಗೆಡಿಸಿತ್ತು. ಒಂದು ಕಾಲಕ್ಕೆ ಮನೆಮಾತಾಗಿದ್ದ ಹಾಡಿಗೆ ಅದರ ಹಕ್ಕಿರುವ ಕಂಪನಿ ಹೊಸ ಡ್ರಮ್ಸು, ಇಪ್ಪತ್ತು ಪಿಟೀಲು, ಎದೆ ಗುದ್ದುವ ಬೇಸು ಸೇರಿಸಿತ್ತು. ಹಾಡಿದವರು ಈಗ ಎಪ್ಪತ್ತು ದಾಟಿದ ಅಜ್ಜಿ. ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ಉಳಿದಿರುವುದು ಪಿಸುಮಾತು ಮಾತ್ರ. ಪೂರ್ತಿ ಕೇಳಿದ ಅವರು ಕಂಪನಿಯ ಮ್ಯಾನೇಜರನ್ನು ಕೇಳಿದ್ದು ಒಂದೇ: “ಇದರಲ್ಲಿ ನಾನೆಲ್ಲಿದೀನಪ್ಪಾ?”

ಮ್ಯಾನೇಜರು ಇದ್ದ ವಿಷಯ ಹೇಳಿದರು. ಮೂಲ ಟೇಪು ತೇವ ಹಿಡಿದು ಸುರುಳಿಗೆ ಸುರುಳಿ ಅಂಟಿಕೊಂಡಿತ್ತು. ಕೈಯಲ್ಲಿದ್ದದ್ದು ಕ್ಯಾಸೆಟ್ಟಿನ ನಕಲು; ಅದರ ಗೊರಗೊರ ಸದ್ದು ಮುಚ್ಚಲೆಂದೇ ಅಷ್ಟು ವಾದ್ಯ ಸುರಿದಿದ್ದರು.

ಟೇಪಕ್ಕ ಎರಡು ದಿನ ಕಾಲಾವಕಾಶ ಕೇಳಿದರು. ಸಣ್ಣ ಓವನ್ನಿನ ಹದವಾದ ಬಿಸಿಯಲ್ಲಿ ಎಂಟು ಗಂಟೆ ಟೇಪನ್ನು ಒಣಗಿಸಿದರು. “ಬಿಸಿ ಜಾಸ್ತಿಯಾದ್ರೆ ಸುಟ್ಟೇಹೋಗುತ್ತೆ. ಸರಿಯಾಗಿ ಒಣಗದಿದ್ರೆ ಓಡಿಸೋವಾಗ ಪುಡಿಪುಡಿ ಉದುರುತ್ತೆ. ಆ ದನಿ ಅಷ್ಟು ತಿಳಿಯಾಗಿ ಇನ್ನೆಲ್ಲೂ ಇಲ್ಲ ನೋಡಿ, ಎಂಟು ಗಂಟೇನೂ ಅದರ ಪಕ್ಕ ಬಿಟ್ಟು ಏಳಲಿಲ್ಲ.”

ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಗುಂಡಿ ಒತ್ತಿದರು. ಮೊದಲು ಬರೀ ಸುರುಳಿಯ ಸದ್ದು. ಆಮೇಲೆ ಒಂದು ಗಿಟಾರು. ಅದರ ಬೆನ್ನಿಗೇ, ಇಪ್ಪತ್ತೆಂಟರ ಹರೆಯದ ತಿಳಿಯಾದ ದನಿ. ಟೇಪಕ್ಕನಿಗೆ ಅಳು, ನಗು ಒಟ್ಟಿಗೇ ಬಂತು. ಅಂದಿನ ಮೂರು ಪಿಟೀಲುಗಳನ್ನೂ ತಗ್ಗಿಸಿ ದನಿಯೊಂದನ್ನೇ ಉಳಿಸೋಣವೆಂದು ಕೈ ಚಾಚಿದರೆ, ಅಜ್ಜಿ ಮುಂಗೈ ಹಿಡಿದುಕೊಂಡರು.

“ಅವು ಇರಲಿ ಕಣಮ್ಮಾ. ಅವು ನುಡಿಯೋವಾಗ್ಲೇ ನಾನು ಉಸಿರು ತಗೊಳ್ತಿದ್ದಿದ್ದು.”

ಹಾಡು ಹೇಗಿತ್ತೋ ಹಾಗೇ ಹೊರಬಂದಿದೆ. ಹೊಸ ವಾದ್ಯಗಳನ್ನು ಕಂಪನಿ ಕೈಬಿಟ್ಟಿದೆ. ಅಜ್ಜಿಯ ಮೊಮ್ಮಗಳು ಅದನ್ನು ಕೇಳಿ, “ಅಜ್ಜೀ, ಇದು ನಿಜವಾಗ್ಲೂ ನೀನಾ?” ಅಂತ ಮೂರು ಸಲ ಕೇಳಿದಳಂತೆ.

ಹಾಗಾದರೆ ವಾದ್ಯ ಹೆಚ್ಚಾದರೆ ಹಾಡು ಕೆಡುತ್ತದೆಯೇ? ಟೇಪಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. “ಹಂಗೆಲ್ಲ ಹೇಳಕ್ಕಾಗಲ್ಲ. ಡ್ರಮ್ಸ್ ತೆಗೆದ್ರೆ ಕೆಲವು ಹಾಡು ಎದ್ದೇ ನಿಲ್ಲಲ್ಲ. ಆದ್ರೆ ಹಾಡೋರ ಹೆಗಲೇರಿ ಕೂರಬಾರದು, ಅಷ್ಟೇ.”

ಹಾಡಿನ ಕವರಿನ ಮೇಲೆ ಇವರ ಹೆಸರಿಲ್ಲ. ಬೇಜಾರಿಲ್ಲವೇ ಎಂದರೆ ಹತ್ತಿ ಕೆಳಗಿಟ್ಟು ನಗುತ್ತಾರೆ.

“ಕೇಳೋರಿಗೆ ನಾನು ಕೈಯಾಡಿಸಿದ್ದೇ ಗೊತ್ತಾಗಬಾರ್ದು. ಗೊತ್ತಾಯ್ತು ಅಂದ್ರೆ, ನಾನೆಲ್ಲೋ ಎಡವಿದೀನಿ ಅಂತಲೇ.”